ಕಡೂರು ಸೀಮೆಯಿಂದ ಪಣಂಬೂರಿಗೆ: ಹವಾಮಾನ ಬದಲಾವಣೆ ಮತ್ತು ಬಂದರಿನ ಹಿನ್ನಾಡು

ಹವಾಮಾನ ಬದಲಾವಣೆಯನ್ನು ಬಂದರುಗಳು ಎದುರಿಸುವ ಬಗೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಕಡಲ ದಂಡೆಯಲ್ಲಿ ಆರಂಭಗೊಂಡು ಅಲ್ಲಿಯೇ ಮುಗಿಯುತ್ತದೆ. ಸಮುದ್ರಮಟ್ಟದ ಏರಿಕೆ, ಚಂಡಮಾರುತ, ದಂಡೆಕೊರೆತ ಇವೇ ಅದರ ಮುಖ್ಯ ವಸ್ತುಗಳು. ಇವುಗಳ ಮಹತ್ವದ ಬಗ್ಗೆ ಎರಡು ಮಾತಿಲ್ಲ. ಆದರೆ ಬಂದರೆಂಬುದು ಹಡಗು ನಿಲ್ಲುವ ತಾಣವಷ್ಟೇ ಅಲ್ಲ. ಒಳನಾಡಿನ ಸರಕು ಕಡಲನ್ನೂ ಕಡಲಿನ ಸರಕು ಒಳನಾಡನ್ನೂ ಸೇರುವ ದಾರಿಯ ಒಂದು ತುದಿ ಅದು. ಆ ದಾರಿಯ ಇನ್ನೊಂದು ತುದಿಯಲ್ಲಿ, ಎಂದರೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ನಿಂತು ನವಮಂಗಳೂರು ಬಂದರನ್ನು ನೋಡುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ. ಬಂದರಿನ ಸಿದ್ಧತೆಯ ಅತ್ಯಂತ ದುರ್ಬಲವಾದ ಕೊಂಡಿ ಇರುವುದು ಪಣಂಬೂರಿನ ಕಲ್ಲುಗೋಡೆಯಲ್ಲಿ ಅಲ್ಲ, ಘಟ್ಟದ ದಾರಿಯಲ್ಲಿ. ಅದು ಕಳಚಿದಾಗ ಪೆಟ್ಟು ತಗಲುವುದು ಕಡಲನ್ನೇ ಕಾಣದ ಹಿನ್ನಾಡಿಗೆ ಎಂಬುದು ಇಲ್ಲಿಯ ವಾದ.

ಈ ಮೂರು ತಾಲ್ಲೂಕುಗಳ ಭೌಗೋಳಿಕ ಸ್ಥಾನ ವಿಶಿಷ್ಟವಾದುದು. ಮೈಸೂರು ಸಂಸ್ಥಾನದ ಕಾಲದಲ್ಲಿ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಆ ಹೆಸರಿನಲ್ಲಿಯೇ ಪ್ರಕಟವಾಗಿದೆ. ಪಶ್ಚಿಮಕ್ಕೆ ಬಾಬಾಬುಡನ್‌ಗಿರಿ ಶ್ರೇಣಿ ಗೋಡೆಯಂತೆ ನಿಂತಿರುವುದರಿಂದ ಅರಬ್ಬೀ ಸಮುದ್ರದಿಂದ ಬರುವ ಮೋಡ ಆಚೆಯ ಇಳಿಜಾರಿನಲ್ಲಿಯೇ ಬಹುಪಾಲು ಬರಿದಾಗಿ, ಕಡೂರಿನ ಬಯಲಿಗೆ ಅದರ ಶೇಷ ಮಾತ್ರ ದಕ್ಕುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ಕಡೂರಿನಲ್ಲಿ ಆಗುವುದು 600ರಿಂದ 700 ಮಿಲಿಮೀಟರಿನ ಆಸುಪಾಸು. ತರೀಕೆರೆಯ ಪಶ್ಚಿಮ ಭಾಗ ಮಲೆನಾಡು, ಲಕ್ಕವಳ್ಳಿಯ ಭದ್ರಾ ಜಲಾಶಯವಿರುವ ನೆಲ. ಅಜ್ಜಂಪುರದ ಪೂರ್ವ ಭಾಗ ಈರುಳ್ಳಿ ಬೆಳೆಯುವ ಅರೆಬಯಲು. ಇಲ್ಲಿಯ ನೀರು ವೇದಾವತಿ, ಭದ್ರೆಯರ ಮೂಲಕ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಡಲಿಗೆ ಹೋಗುವ ಸರಕು ಮಾತ್ರ ಪಶ್ಚಿಮಕ್ಕೆ ಹೊರಳುತ್ತದೆ. ಮಳೆ ಯಾವ ಗೋಡೆಯನ್ನು ದಾಟಲಾರದೋ ಅದೇ ಗೋಡೆಯನ್ನು ಸರಕು ದಾಟಬೇಕು.

ದಾಟುವ ದಾರಿಗಳಾದರೂ ಬೆರಳೆಣಿಕೆಯವು. ಹಿಂದೆ 206 ಎಂಬ ಸಂಖ್ಯೆಯಿಂದಲೂ ಈಗ 69 ಎಂಬ ಸಂಖ್ಯೆಯಿಂದಲೂ ಗುರುತಿಸಲ್ಪಡುವ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಶಿವಮೊಗ್ಗ, ಸಾಗರಗಳ ಮೂಲಕ ಹೊನ್ನಾವರದಲ್ಲಿ ಕಡಲನ್ನು ಮುಟ್ಟುತ್ತದೆ. ಕಡೂರಿನಿಂದ ಚಿಕ್ಕಮಗಳೂರು, ಮೂಡಿಗೆರೆ, ಚಾರ್ಮಾಡಿ ಘಟ್ಟದ ಮೂಲಕ ಮಂಗಳೂರಿಗೆ ಇರುವ ದೂರ ಸುಮಾರು 190 ಕಿಲೋಮೀಟರ್. ರೈಲಿನ ದಾರಿ ಬೇರೆ: ಬಳ್ಳಾರಿ, ಚಿತ್ರದುರ್ಗಗಳ ಕಡೆಯಿಂದ ಬರುವ ಹಳಿ ಚಿಕ್ಕಜಾಜೂರಿನಿಂದ ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆಗಳನ್ನು ಹಾದು ಹಾಸನದಲ್ಲಿ ಪಶ್ಚಿಮಕ್ಕೆ ತಿರುಗಿ, ಸಕಲೇಶಪುರದ ಕೆಳಗೆ 57 ಸುರಂಗಗಳ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಘಟ್ಟದ ಹಳಿ 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಲ್ಪಟ್ಟು, 2006ರಲ್ಲಿ ಸರಕು ಸಾಗಣೆಗೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೂ ಮತ್ತೆ ತೆರೆಯಿತು. ಹತ್ತು ವರ್ಷ ಒಂದು ಬಂದರಿಗೆ ಬೆನ್ನಿನ ರೈಲೇ ಇರಲಿಲ್ಲವೆಂಬುದನ್ನು ನಾವು ಈಗ ಬಹುಮಟ್ಟಿಗೆ ಮರೆತಿದ್ದೇವೆ.

ವಿಷಯದೊಳಕ್ಕೆ ಹೋಗುವ ಮುನ್ನ ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಹವಾಮಾನ ಬದಲಾವಣೆಗೆ ಕಾರಣವಾಗುವ ಅನಿಲಗಳನ್ನು ಕಡಿಮೆ ಮಾಡುವುದು ‘ತಗ್ಗಿಸುವಿಕೆ’. ಬಂದೇ ತೀರುವ ಬದಲಾವಣೆಗೆ ತಕ್ಕಂತೆ ಬದುಕನ್ನೂ ಕಟ್ಟಡಗಳನ್ನೂ ಮಾರ್ಪಡಿಸಿಕೊಳ್ಳುವುದು ‘ಹೊಂದಾಣಿಕೆ’. ಎರಡನೆಯ ಪದ ಕನ್ನಡದಲ್ಲಿ ರಾಜಕೀಯ ಪಕ್ಷಗಳ ಒಳ ಒಪ್ಪಂದವನ್ನೂ ನೆನಪಿಗೆ ತರುವುದರಿಂದ ‘ಒಗ್ಗಿಕೊಳ್ಳುವಿಕೆ’ ಎಂಬುದು ಹೆಚ್ಚು ಉಚಿತವೆಂದು ನನಗೆ ತೋರುತ್ತದೆ. ಆದರೂ ರೂಢಿಯನ್ನು ಇಲ್ಲಿ ಅನುಸರಿಸಿದೆ. ಬಂದರುಗಳ ಸೌರಫಲಕ, ವಿದ್ಯುತ್ ವಾಹನಗಳ ಸುದ್ದಿಯನ್ನು ಓದುವಾಗ ಅವು ಮೊದಲನೆಯ ವರ್ಗಕ್ಕೆ ಸೇರಿದವು ಎಂಬುದನ್ನು ನೆನಪಿನಲ್ಲಿಡಬೇಕು. ಕೇಂದ್ರ ಸರ್ಕಾರ 2023ರಲ್ಲಿ ಹೊರತಂದ ‘ಹರಿತ್ ಸಾಗರ್’ ಮಾರ್ಗಸೂಚಿಯ ಒತ್ತೂ ಮುಖ್ಯವಾಗಿ ಅದರ ಮೇಲೆಯೇ ಇದೆ. ಅದು ಒಳ್ಳೆಯ ಕೆಲಸವೇ. ಆದರೆ ಸೌರಫಲಕ ಹಾಕಿದ ಮಾತ್ರಕ್ಕೆ ಅಲೆ ತಗ್ಗುವುದಿಲ್ಲ.

ಹೊಂದಾಣಿಕೆ ಕರಾವಳಿಗೆ ಹೊಸದೇನಲ್ಲ. ಕೆನರಾದ ಹಳೆಯ ಬಂದರುಗಳೆಲ್ಲ ಅಳಿವೆಯ ಬಂದರುಗಳು: ಹೊಳೆ ಕಡಲನ್ನು ಸೇರುವ ಬಾಯಿಯ ಒಳಗೆ, ಮರಳದಿಣ್ಣೆಯ ಮರೆಯಲ್ಲಿದ್ದವು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಕಂಡ ಹೊನ್ನಾವರ, ಕೆಳದಿ ಅರಸರ ಕಾಲದಲ್ಲಿ ಅಕ್ಕಿ ಸಾಗಿಸುತ್ತಿದ್ದ ಬಸರೂರು, ನೇತ್ರಾವತಿ ಗುರುಪುರ ಹೊಳೆಗಳ ಕೂಡಲಿನ ಮಂಗಳೂರಿನ ಹಳೆಯ ಬಂದರು ಇವೆಲ್ಲವೂ ಅಂಥವೇ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ದೋಣಿಗಳು ಸರಕನ್ನು ಒಯ್ದು ಏರಿಸುತ್ತಿದ್ದವು. ಜೂನಿನಲ್ಲಿ ಕಡಲು ಕೆರಳಿದೊಡನೆ ವ್ಯಾಪಾರ ನಿಲ್ಲುತ್ತಿತ್ತು, ಮಳೆ ಹಿಂದೆ ಸರಿದ ಮೇಲೆ ತೆರೆಯುತ್ತಿತ್ತು. ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಒಪ್ಪಿಸುವ ಆಚರಣೆ ಈ ತೆರೆಯುವಿಕೆಯ ಗುರುತು. ಎಂದರೆ ಹಳೆಯ ಬಂದರು ಹವಾಮಾನದೊಡನೆ ಹೊಂದಿಕೊಂಡದ್ದು ಕಾಲದ ಮೂಲಕ, ಪಂಚಾಂಗದ ಮೂಲಕ. ಕಡಲಿನೊಡನೆ ಜಗಳವಾಡುವ ಬದಲು ಮೂರು ನಾಲ್ಕು ತಿಂಗಳನ್ನು ಅದಕ್ಕೇ ಬಿಟ್ಟುಕೊಟ್ಟಿತ್ತು.

ಪಣಂಬೂರು ಇದಕ್ಕೆ ವಿರುದ್ಧವಾದ ಕಲ್ಪನೆ. 1962ರಲ್ಲಿ ಕೆಲಸ ಆರಂಭವಾಗಿ, 1974ರ ಮೇ 4ರಂದು ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡ ಈ ಬಂದರು ಹೊಳೆಯ ಬಾಯಿಯಲ್ಲಿಲ್ಲ. ನೇರ ಮರಳುದಂಡೆಯನ್ನು ಒಳಕ್ಕೆ ಅಗೆದು ಕಡಲನ್ನು ನೆಲದೊಳಕ್ಕೆ ಕರೆತಂದ ಕೃತಕ ಕೊಳ. ಬಾಗಿಲ ಎರಡೂ ಕಡೆ 770 ಮೀಟರ್ ಉದ್ದದ ಅಲೆತಡೆ ಕಲ್ಲುಗೋಡೆಗಳು; ಹೊರಗೆ ಏಳು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹೂಳೆತ್ತಿ ಕಾಯ್ದಿರಿಸಿದ ಹಡಗುದಾರಿ. ಮಳೆಗಾಲದಲ್ಲೂ ಮುಚ್ಚದ ಬಂದರು ಬೇಕೆಂಬುದೇ ಇದರ ಉದ್ದೇಶ. ಕುದುರೆಮುಖದಿಂದ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅದಿರಿನ ಕೆಸರು ಹರಿದು ಬರುತ್ತಿದ್ದುದೂ ಇಲ್ಲಿಗೇ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಆ ಗಣಿ 2005ರ ಕೊನೆಗೆ ನಿಂತಿತು. ಕಾಲಕ್ಕೆ ಬಾಗುತ್ತಿದ್ದ ಹೊಂದಾಣಿಕೆ ಇಲ್ಲಿ ಕಲ್ಲಿನ ಹೊಂದಾಣಿಕೆಯಾಯಿತು. ಕಲ್ಲಿಗೆ ಇರುವ ತೊಡಕೆಂದರೆ, ಅದನ್ನು ಇಡುವಾಗ ಕಡಲು ಹೇಗಿತ್ತೋ ಹಾಗೆಯೇ ಮುಂದೆಯೂ ಇರುತ್ತದೆಂದು ಅದು ನಂಬಿರುತ್ತದೆ.

ಆ ನಂಬಿಕೆ ಈಗ ಎಷ್ಟರಮಟ್ಟಿಗೆ ಸಡಿಲಗೊಂಡಿದೆ? ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ ಸರಾಸರಿ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿಲಿಮೀಟರಿನಂತೆ ಮೇಲೇರಿದೆ. ಆ ಅವಧಿಯ ಒಟ್ಟು ಏರಿಕೆ ಎಂಟು ಸೆಂಟಿಮೀಟರಿಗೆ ತುಸು ಕಡಿಮೆ, ನಮ್ಮ ಅಳತೆಯಲ್ಲಿ ಒಂದು ಗೇಣಿನ ಮೂರನೆಯ ಒಂದು ಪಾಲು. ಇದನ್ನು ಕೇಳಿದವರಿಗೆ ಇಷ್ಟೇ ಏನು ಎನಿಸುವುದು ಸಹಜ. ಆದರೆ ದಂಡೆಯ ಸಮೀಪ ಅಲೆ ಎಷ್ಟು ಎತ್ತರವಾಗಿ ಬರಬಲ್ಲುದೆಂಬುದನ್ನು ನೀರಿನ ಆಳ ನಿರ್ಧರಿಸುತ್ತದೆ. ಆಳ ಹೆಚ್ಚಿದರೆ ಮೊದಲು ದೂರದಲ್ಲಿ ಒಡೆಯುತ್ತಿದ್ದ ಅಲೆ ಒಡೆಯದೆ ಗೋಡೆಯವರೆಗೂ ಬರುತ್ತದೆ. ಗೋಡೆಯ ಹೊರಮೈಗೆ ಹಾಕುವ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿರಬೇಕೆಂಬುದು ಬಂದರು ಎಂಜಿನಿಯರುಗಳು ಬಳಸುವ ಹಡ್ಸನ್ ಸೂತ್ರ. ಅಲೆಯ ಎತ್ತರ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಕಲ್ಲಿನ ತೂಕ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚಬೇಕು. ಹತ್ತು ಟನ್ನಿನ ಬಂಡೆ ಸಾಲುತ್ತಿದ್ದ ಜಾಗಕ್ಕೆ ಹದಿಮೂರು ಟನ್ನಿನದು ಬೇಕು. ಗೇಣಿನ ಲೆಕ್ಕ ಟನ್ನಿನ ಲೆಕ್ಕವಾಗುವುದು ಹೀಗೆ.

ಚಂಡಮಾರುತಗಳ ವಿಷಯ ಇನ್ನೂ ನೇರವಾದುದು. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅರಬ್ಬೀ ಸಮುದ್ರ ಶಾಂತವೆಂಬ ತಿಳಿವಳಿಕೆ ಬಹುಕಾಲದಿಂದ ಇದ್ದಿತು. 2017ರ ಓಖಿ, 2019ರ ಕ್ಯಾರ್ ಮತ್ತು ಮಹಾ, 2021ರ ತೌಕ್ತೆ, 2023ರ ಬಿಪರ್‌ಜಾಯ್ ಇವು ಆ ತಿಳಿವಳಿಕೆಯನ್ನು ಅಲುಗಿಸಿವೆ. ತೌಕ್ತೆ ಬಂದುದು ಮೇ ತಿಂಗಳ ಮಧ್ಯದಲ್ಲಿ, ಮಳೆಗಾಲಕ್ಕೆ ಮುನ್ನಿನ ಕೊನೆಯ ಕೆಲಸದ ದಿನಗಳಲ್ಲಿ. ಮಂಗಳೂರಿನ ಹೊರಗಡಲಿನಲ್ಲಿ ಕೆಲಸದಲ್ಲಿದ್ದ ಎರಡು ಟಗ್ ದೋಣಿಗಳು ಅದಕ್ಕೆ ಸಿಕ್ಕಿದವು. ಒಂದು ಮಗುಚಿ ಜೀವಹಾನಿಯಾಯಿತು, ಬಂಡೆಗೆ ಸಿಕ್ಕಿಕೊಂಡಿದ್ದ ಇನ್ನೊಂದರಲ್ಲಿದ್ದ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ತಟರಕ್ಷಣಾ ಪಡೆ 2021ರ ಮೇ 17ರಂದು ಪಾರುಮಾಡಿದವು. ಬಂದರಿನ ಗೋಡೆ ಅಂದು ಗಟ್ಟಿಯಾಗಿಯೇ ನಿಂತಿತ್ತು. ಸೋತದ್ದು ಪಂಚಾಂಗ.

ಬಂದರುಗಳ ಯೋಜನೆಗೆ ಇಂದು ಅಂತರರಾಷ್ಟ್ರೀಯವಾಗಿ ಒಂದು ಕ್ರಮ ರೂಪುಗೊಂಡಿದೆ. 1885ರಲ್ಲಿ ಸ್ಥಾಪಿತವಾದ ಜಲಸಾರಿಗೆಯ ಜಾಗತಿಕ ಸಂಘ ಪಿಯಾಂಕ್ 2020ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ನಾಲ್ಕು ಹಂತಗಳಿವೆ. ಯಾವ ಕೆಲಸ ನಿಲ್ಲಬಾರದೆಂದು ಮೊದಲು ತೀರ್ಮಾನಿಸುವುದು, ಸ್ಥಳೀಯ ಹವಾಮಾನದ ಮಾಹಿತಿಯನ್ನು ಕೂಡಿಸುವುದು, ಎಲ್ಲಿ ಯಾವ ಅಪಾಯವಿದೆಯೆಂದು ಅಳೆಯುವುದು, ಆಮೇಲೆ ಉಪಾಯಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು. ಈ ಕೊನೆಯದರಲ್ಲಿ ಒಂದು ವಿವೇಕವಿದೆ: ನೂರು ವರ್ಷದ ಎತ್ತರಕ್ಕೆ ಇಂದೇ ಗೋಡೆ ಕಟ್ಟುವುದಲ್ಲ, ಮುಂದೆ ಎತ್ತರಿಸಲು ಬರುವಂತೆ ಬುನಾದಿಯನ್ನು ಅಗಲಗೊಳಿಸಿಟ್ಟು, ಕಡಲು ಇಂಥ ಮಟ್ಟವನ್ನು ಮುಟ್ಟಿದಾಗ ಇಂಥ ಕೆಲಸವೆಂದು ಗುರುತು ಹಾಕಿಕೊಳ್ಳುವುದು. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಬಳಿ 1997ರಲ್ಲಿ ಕಟ್ಟಿದ ಮ್ಯಾಸ್ಲಂಟ್ ಕದವನ್ನೇ ನೋಡಬಹುದು. ನೀರು ನಿಗದಿಯಾದ ಮಟ್ಟವನ್ನು ಮುಟ್ಟಿದರೆ ಮಾತ್ರ ಅದು ಮುಚ್ಚುತ್ತದೆ. ಉಳಿದ ದಿನಗಳಲ್ಲಿ ಹಡಗುಗಳ ಹಾದಿ ತೆರೆದೇ ಇರುತ್ತದೆ.

ಕನ್ನಡದ ಓದುಗರಿಗೆ ಇದು ಪರಿಚಿತ ತತ್ತ್ವ. ಕಡೂರು ಸೀಮೆಯ ಕೆರೆಗಳ ‘ಕೋಡಿ’ ಮಾಡುವುದು ಇದನ್ನೇ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ, ಅವತಿ ಹೊಳೆಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿ, ಮುಂದೆ ಕೂಡಿ ವೇದಾವತಿಯಾಗುತ್ತವೆ. ಕೆರೆ ಕಟ್ಟಿದವರು ಏರಿಯನ್ನು ಎಷ್ಟು ಎತ್ತರಿಸಬೇಕೆಂದು ಯೋಚಿಸಿದಷ್ಟೇ ಎಚ್ಚರದಿಂದ ಹೆಚ್ಚಾದ ನೀರು ಎಲ್ಲಿ ಹೊರಬೀಳಬೇಕೆಂದೂ ಯೋಚಿಸಿದ್ದರು. ಮಿತಿ ಮೀರುವ ದಿನ ಬಂದೇ ಬರುತ್ತದೆಂಬುದನ್ನು ಕೋಡಿ ಒಪ್ಪಿಕೊಂಡಿದೆ. ಕರಾವಳಿಯಲ್ಲಿ ಇದೇ ಪದಕ್ಕೆ ತುದಿ, ಮರಳಿನ ಚಾಚು ಎಂಬ ಅರ್ಥ: ಕೋಡಿ ಬೆಂಗ್ರೆ, ಕುಂದಾಪುರದ ಕೋಡಿ ಮುಂತಾದ ಊರುಗಳು ಅಳಿವೆಯ ಬಾಯಿಯಲ್ಲಿವೆ. ಘಟ್ಟದ ಮೇಲೆ ನೀರು ಹೊರಬೀಳುವ ತುದಿ, ಘಟ್ಟದ ಕೆಳಗೆ ನೆಲ ಮುಗಿಯುವ ತುದಿ. ‘ಹೂಳು’ ಎಂಬುದೂ ಎರಡೂ ಕಡೆಗೆ ಒಂದೇ ಪದ. ಕಡೂರಿನವರು ಕೆರೆಯದನ್ನು ಎತ್ತುತ್ತಾರೆ, ಪಣಂಬೂರಿನವರು ಹಡಗುದಾರಿಯದನ್ನು. ವ್ಯತ್ಯಾಸವೆಂದರೆ ಪಣಂಬೂರಿನಲ್ಲಿ ಪ್ರತಿ ಮಳೆಗಾಲದ ನಂತರ ಎತ್ತಲೇಬೇಕು, ಕೆರೆಗೆ ಅಂಥ ನಿರ್ಬಂಧವಿಲ್ಲವಾದ್ದರಿಂದ ಎತ್ತುವುದೇ ಇಲ್ಲ.

ಮಾರ್ಗದರ್ಶಿಯ ಮೊದಲ ಹಂತದ ಪ್ರಶ್ನೆಗೆ, ಎಂದರೆ ಯಾವುದು ನಿಲ್ಲಬಾರದು ಎಂಬುದಕ್ಕೆ, ಹಿನ್ನಾಡನ್ನು ಬಿಟ್ಟು ಉತ್ತರ ಸಿಗುವುದಿಲ್ಲ. 2011ರಲ್ಲಿ ಕೊಲಂಬಿಯಾದ ಕಾರ್ಟಹೇನಾ ನಗರದ ಒಂದು ಖಾಸಗಿ ಬಂದರನ್ನು ಅಂತರರಾಷ್ಟ್ರೀಯ ಹಣಕಾಸು ನಿಗಮ ಅಧ್ಯಯನ ಮಾಡಿಸಿದಾಗ, ಹಡಗುಕಟ್ಟೆಗಿಂತ ಮೊದಲು ನೀರಿಗೆ ಸಿಗುವುದು ಬಂದರನ್ನು ನಗರಕ್ಕೆ ಜೋಡಿಸುವ ತಗ್ಗಿನ ರಸ್ತೆಯೆಂಬುದು ಕಂಡುಬಂದಿತು. ನಮ್ಮಲ್ಲಿ ಆ ತಗ್ಗಿನ ರಸ್ತೆಯ ಸ್ಥಾನದಲ್ಲಿ ಘಟ್ಟವಿದೆ. 2018ರ ಆಗಸ್ಟಿನ ಮಳೆಯಲ್ಲಿ ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಿನ ಹಳಿಯ ಮೇಲೆ ಹಲವೆಡೆ ಗುಡ್ಡ ಕುಸಿದು ರೈಲು ಸಂಚಾರ ವಾರಗಟ್ಟಲೆ ನಿಂತಿತು. ಶಿರಾಡಿ ಘಟ್ಟದ ಹೆದ್ದಾರಿಯೂ ಅದೇ ಸಮಯಕ್ಕೆ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ಭಾರಿ ವಾಹನಗಳಿಗೆ ತಿಂಗಳುಗಟ್ಟಲೆ ದಾರಿಯಿಲ್ಲವಾಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಕರಾವಳಿಯ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿ ಜೀವಹಾನಿಯಾಯಿತು. ಅದೇ ತಿಂಗಳ ಕೊನೆಗೆ ಎಡಕುಮೇರಿ ಸಮೀಪ ರೈಲು ಹಳಿಯ ಬುಡದ ಮಣ್ಣು ಮತ್ತೊಮ್ಮೆ ಕುಸಿಯಿತು. ಈ ಯಾವ ಸಂದರ್ಭದಲ್ಲೂ ಪಣಂಬೂರಿನ ಗೋಡೆಗಾಗಲಿ ಹಡಗುಕಟ್ಟೆಗಾಗಲಿ ಏನೂ ಆಗಿರಲಿಲ್ಲ.

ಇಲ್ಲಿ ಗಮನಿಸಬೇಕಾದುದು ಸರಕಿನ ತಿಂಗಳು. ಗಿರಿಶ್ರೇಣಿಯ ಕಾಫಿ ನವೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲಾಗಿ, ಒಣಗಿ, ಚಿಕ್ಕಮಗಳೂರು ಹಾಸನಗಳ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಹದಗೊಂಡು ಬೇಸಗೆಯಲ್ಲಿ ಬಂದರಿಗೆ ಇಳಿಯುವುದು ಹೆಚ್ಚು. ಘಟ್ಟ ಕುಸಿಯುವುದು ಜುಲೈ, ಆಗಸ್ಟಿನಲ್ಲಿ. ಆದ್ದರಿಂದ ಕಾಫಿಗೆ ಘಟ್ಟದ ಭಯ ಕಡಿಮೆ. ಅದರ ಭಯ 2021ರ ಜನವರಿಯಲ್ಲಿ ಸುರಿದಂಥ ಅಕಾಲದ ಮಳೆ, ಕಣದಲ್ಲಿ ಹರಡಿದ ಬೀಜವನ್ನೇ ನೆನೆಸಿಬಿಡುವಂಥದು. ಕೆಳಗಿನಿಂದ ಮೇಲಕ್ಕೆ ಬರುವ ಸರಕಿನ ಕತೆ ಬೇರೆ. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲಗಳಿಗೆ ಮಂಗಳೂರಿನಿಂದ ಹಾಸನದ ಮೂಲಕ ಕೊಳವೆ ಮಾರ್ಗವಿದೆ, ಗೊಬ್ಬರಕ್ಕೆ ಇಲ್ಲ. ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ರಾಗಿ ಬಿತ್ತನೆಯಾಗುವುದೂ ಮುಸುಕಿನ ಜೋಳಕ್ಕೆ ಮೇಲುಗೊಬ್ಬರ ಬೇಕಾಗುವುದೂ ಜುಲೈ, ಆಗಸ್ಟಿನಲ್ಲಿಯೇ. ಇಲ್ಲಿಗೆ ಬರುವ ಗೊಬ್ಬರವೆಲ್ಲ ಮಂಗಳೂರಿನದೇ ಎಂದಲ್ಲ. ಆದರೂ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆಯಿದೆ, ಆಮದಿನ ಗೊಬ್ಬರವನ್ನು ಇಳಿಸುವ ಕಟ್ಟೆಗಳಿವೆ. ಬಯಲಿನ ಹೊಲ ಗೊಬ್ಬರಕ್ಕೆ ಕಾಯುವ ದಿನಗಳಲ್ಲಿಯೇ ಘಟ್ಟದ ಮಣ್ಣು ಸಡಿಲವಾಗುತ್ತದೆ. ಒಂದೇ ಮೋಡ ಘಟ್ಟದ ಮೇಲೆ ಅತಿಯಾಗಿ ಸುರಿದು ದಾರಿ ಕಡಿದು, ಬಯಲಿಗೆ ಬಾರದೆ ಬಿತ್ತನೆಯನ್ನೂ ಕೆಡಿಸಬಹುದು. ಸೊಸೈಟಿಯ ಮುಂದೆ ಸಾಲು ನಿಂತ ರೈತನಿಗೆ ತಾನು ಕಾಯುತ್ತಿರುವುದು ಬಂದರಿನ ಸರಕಿಗಾಗಿ ಎಂದು ತಿಳಿದಿರಬೇಕಿಲ್ಲ.

ಬರಗಾಲದ ವಿಷಯದಲ್ಲಿ ಈ ತಾಲ್ಲೂಕುಗಳಿಗೆ ಯೋಜನೆಯಿಲ್ಲವೆಂದು ಹೇಳಲಾಗದು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗವನ್ನು ಹಾದು ಚಿತ್ರದುರ್ಗದ ಕಡೆಗೆ ಹೋಗುತ್ತದೆ. ವೇದಾವತಿಗೆ ಅಡ್ಡಲಾಗಿರುವ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು, 2025ರ ಜನವರಿಯಲ್ಲಿ ಮತ್ತೊಮ್ಮೆ. ನೀರಿನ ಯೋಜನೆ, ಬಂದರಿನ ಯೋಜನೆ, ಹೆದ್ದಾರಿಯ ಯೋಜನೆ ಇವು ಬೇರೆ ಬೇರೆ ಕಡತಗಳಲ್ಲಿರುವುದೇ ತೊಡಕು. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯಿದೆಯಂತೆ ಬಂದರಿನ ಮಂಡಳಿಯಲ್ಲಿ ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಸುಂಕ ಇಲಾಖೆಗಳಿಗೆ ಒಂದೊಂದು ಸ್ಥಾನವಿದೆ, ಕಾರ್ಮಿಕರಿಗೆ ಎರಡು. ಹೆದ್ದಾರಿಗೆ ಪ್ರತ್ಯೇಕ ಸ್ಥಾನವಿಲ್ಲ. ಘಟ್ಟದ ಕಾಡನ್ನು ನೋಡಿಕೊಳ್ಳುವವರಿಗೂ ಇಲ್ಲ. ರೈಲ್ವೆಯ ಪ್ರತಿನಿಧಿ ಇರುವುದರಿಂದ ಕನಿಷ್ಠ ಸಕಲೇಶಪುರದ ಹಳಿಯ ಪ್ರಶ್ನೆಯನ್ನು ಆ ಮೇಜಿನ ಮೇಲೆ ಇಡಲು ಅವಕಾಶವಿದೆ.

ಹಿನ್ನಾಡನ್ನು ಒಳಗೊಂಡ ಯೋಜನೆ ಅತಿ ದುಬಾರಿಯಾಗಬೇಕಿಲ್ಲ. ಘಟ್ಟದ ತಲೆಯಲ್ಲಿ ಬೀಳುವ ಮಳೆಯ ಗಂಟೆಗಂಟೆಯ ಅಳತೆ ಬಂದರಿನ ನಿಯಂತ್ರಣ ಕೊಠಡಿಗೆ ತಲಪಿದರೆ ಯಾವ ಸರಕನ್ನು ಯಾವ ದಾರಿಗೆ ಹಚ್ಚಬೇಕೆಂದು ಎರಡು ದಿನ ಮೊದಲೇ ತೀರ್ಮಾನಿಸಬಹುದು. ಕಡೂರು, ಬೀರೂರುಗಳು ಘಟ್ಟದ ಈಚೆಯ ಒಣನೆಲದ ರೈಲು ಕೂಡುದಾಣಗಳು. 2013ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಹಳಿಯೂ ಕಡೂರಿಗೆ ಕೂಡಿಕೊಂಡಿದೆ. ಮುಂಗಾರಿಗೆ ಮೊದಲೇ ಗೊಬ್ಬರ ಘಟ್ಟವನ್ನೇರಿ ಇಲ್ಲಿಯ ಗೋದಾಮುಗಳಲ್ಲಿ ಕುಳಿತಿದ್ದರೆ ಆಗಸ್ಟಿನ ಕುಸಿತದ ಪೆಟ್ಟು ಅರ್ಧ ಕಡಿಮೆಯಾದೀತು. ಹಳೆಯ ಬಂದರಿನ ಪಂಚಾಂಗವನ್ನು ಹೊಸ ಬಂದರು ಇಷ್ಟರಮಟ್ಟಿಗಾದರೂ ಮರಳಿ ಪಡೆಯಬಹುದೆಂದು ನನ್ನ ಅಭಿಪ್ರಾಯ.

ತರೀಕೆರೆಯ ಹೆದ್ದಾರಿಯ ಪಶ್ಚಿಮದ ತುದಿಯಲ್ಲಿ, ಶರಾವತಿಯ ಅಳಿವೆಯ ಮರಳದಿಣ್ಣೆಯಾದ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಖಾಸಗಿ ಬಂದರೊಂದನ್ನು ಕಟ್ಟುವ ಯೋಜನೆ ಸ್ಥಳೀಯ ಮೀನುಗಾರರ ದೀರ್ಘಕಾಲದ ವಿರೋಧವನ್ನು ಎದುರಿಸುತ್ತ ಬಂದಿದೆ. ಮೀನುಗಾರರ ವಸತಿ, ಕಡಲಾಮೆ ಮೊಟ್ಟೆಯಿಡುವ ದಂಡೆ, ಅಳಿವೆಯ ಮರಳಿನ ಚಲನೆ ಇವು ಅಲ್ಲಿಯ ಚರ್ಚೆಯ ವಿಷಯಗಳು. ಆ ಬಂದರಿನ ಬೆನ್ನಿಗೆ ಇರುವುದೂ ಗೇರುಸೊಪ್ಪೆಯ ಘಟ್ಟವೇ.